ಮೈನಸ್ 25ಕ್ಕೆ ಎಷ್ಟು ಟನ್? ಒಂದು ಚಿಲ್ಲರ್ ಕೊಂಡ ಕಥೆ

ಕಳೆದ ವಾರ ಚಿಲ್ಲರ್ (ನೀರನ್ನೋ ಬೇರೆ ದ್ರವವನ್ನೋ ತಣ್ಣಗೆ ಮಾಡಿ ಕೊಡುವ ಮಷೀನ್) ಕಂಪನಿಯವರಿಗೆ ಕೊನೆಯ ಕಂತು ಕಳಿಸಿದೆವು. ಜನವರಿಯಲ್ಲಿ ಶುರುವಾದ ಕೆಲಸ ದೀಪಾವಳಿ ದಾಟಿದ ಮೇಲೆ ಮುಗಿಯಿತು. ಒಂದು ಮಷೀನ್ ಕೊಳ್ಳೋದಕ್ಕೆ ಹತ್ತು ತಿಂಗಳು. ಅದರಲ್ಲಿ ಮೂರು ತಿಂಗಳಾದರೂ ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂದುಕೊಂಡಿದ್ದಕ್ಕೆ ಹೋಯಿತು. ಇದೇ ದಾರಿಯಲ್ಲಿ ಹೊರಟವರು ಯಾರಾದರೂ ಇದ್ದರೆ ಆ ಮೂರು ತಿಂಗಳು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನಾನು ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಯುನಿಟ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಔಷಧಿ ಕಂಪನಿಗಳಿಗೆ ಇಂಟರ್‌ಮೀಡಿಯೇಟ್ (ಔಷಧಿ ಆಗುವ ಮುಂಚಿನ ಹಂತದ ರಾಸಾಯನಿಕ) ಮಾಡಿಕೊಡೋದು ನಮ್ಮ ಕೆಲಸ. ನಾಲ್ಕು ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಸುವ ದೊಡ್ಡ ಪಾತ್ರೆ), ಒಂದು ಬಾಯ್ಲರ್, 5 ಡಿಗ್ರಿ ನೀರು ಕೊಡುವ ಹಳೆಯ ಚಿಲ್ಲರ್ ಒಂದು. ಇಷ್ಟರಲ್ಲೇ ಎಂಟು ವರ್ಷ ಸಾಗಿತ್ತು. ಜನವರಿಯಲ್ಲಿ ಹೊಸ ಆರ್ಡರ್ ಬಂತು. ಅದರಲ್ಲೊಂದು ಹಂತವನ್ನು ಮೈನಸ್ 15 ಡಿಗ್ರಿಯಲ್ಲೇ ಮಾಡಬೇಕು. ಮೈನಸ್ 10 ದಾಟಿದರೆ ಮಾಲಿನಲ್ಲಿ ಕಲ್ಮಶ ಏರುತ್ತದೆ, ಗಿರಾಕಿ ವಾಪಸ್ ಕಳಿಸುತ್ತಾನೆ. ಲ್ಯಾಬಿನಲ್ಲಿ ನಮ್ಮ ಕೆಮಿಸ್ಟ್ ಡ್ರೈ ಐಸ್ ಮತ್ತು ಅಸಿಟೋನ್ ಹಾಕಿ ಆರಾಮಾಗಿ ಮಾಡಿ ತೋರಿಸಿದರು. ಫ್ಲಾಸ್ಕಿನಲ್ಲಿ 50 ಗ್ರಾಂ ಮಾಡೋದು ಬೇರೆ, 2,000 ಲೀಟರಿನ ಗ್ಲಾಸ್ ಲೈನ್ ರಿಯಾಕ್ಟರಿನಲ್ಲಿ ಮಾಡೋದು ಬೇರೆ ಅಲ್ವಾ?

ಸಾಹುಕಾರರು ಕರೆದು, 'ಒಂದು ಲೋ ಟೆಂಪರೇಚರ್ ಚಿಲ್ಲರ್ ನೋಡ್ರಿ' ಅಂದರು. ಎಷ್ಟು ಟನ್ (ತಂಪು ಮಾಡುವ ಶಕ್ತಿಯ ಅಳತೆ) ಬೇಕು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಳೆಯ ಚಿಲ್ಲರ್ 20 ಟನ್ನಿನದು, ಅದು ನಾಲ್ಕು ರಿಯಾಕ್ಟರಿಗೆ ಸಾಲುತ್ತಿದೆ, ಒಂದಕ್ಕೆ 10 ಟನ್ ಧಾರಾಳವಾಯಿತು ಅಂತ ನಾನೇ ಲೆಕ್ಕ ಹಾಕಿಕೊಂಡೆ. '10 ಟನ್ ಲೋ ಟೆಂಪರೇಚರ್ ಬ್ರೈನ್ ಚಿಲ್ಲರ್, ದಯವಿಟ್ಟು ಕೊಟೇಶನ್ ಕಳಿಸಿ.' ಇಷ್ಟೇ ನನ್ನ ಈಮೇಲ್. (ಬ್ರೈನ್ ಅಂದರೆ ಸೊನ್ನೆಯ ಕೆಳಗೂ ಹೆಪ್ಪುಗಟ್ಟದೆ ಹರಿಯುವ ದ್ರವ.) ಐದು ಕಡೆ ಕಳಿಸಿದೆ. ವಾರದೊಳಗೆ ಐದೂ ಉತ್ತರ ಬಂದವು. ಎಲ್ಲಕ್ಕಿಂತ ಕಡಿಮೆ 6 ಲಕ್ಷ 40 ಸಾವಿರ, ಎಲ್ಲಕ್ಕಿಂತ ಜಾಸ್ತಿ 23 ಲಕ್ಷ. ಎಲ್ಲದರ ಮೇಲೂ '10 ಟನ್' ಅಂತಲೇ ಇದೆ. ಒಂದೇ ಸಾಮಾನಿಗೆ ಮೂರೂವರೆ ಪಟ್ಟು ವ್ಯತ್ಯಾಸ. ಸಾಹುಕಾರರು ಸಹಜವಾಗಿ ಕೆಳಗಿನದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು.

ನಮ್ಮ ಅದೃಷ್ಟ, ಆವತ್ತು ಅಡ್ವಾನ್ಸ್ ಕಳಿಸುವ ಮೊದಲು ನಾನು ಕೊನೆಯ ಪುಟ ಓದಿದೆ. ಸಣ್ಣ ಅಕ್ಷರದಲ್ಲಿ ಒಂದು ಸಾಲು: ಈ ಸಾಮರ್ಥ್ಯ 7 ಡಿಗ್ರಿ ನೀರಿಗೆ. ನಮಗೆ ರಿಯಾಕ್ಟರ್ ಒಳಗೆ ಮೈನಸ್ 15 ಬರಬೇಕಾದರೆ ಸುತ್ತ ಹರಿಯುವ ಬ್ರೈನ್ ಅದಕ್ಕಿಂತ ತಣ್ಣಗೆ, ಮೈನಸ್ 25 ಇರಬೇಕು. ಫೋನ್ ಮಾಡಿದೆ. 'ಸರ್, ನನಗೆ ಮೈನಸ್ 25ರ ಬ್ರೈನ್ ಬೇಕು, ಆಗ ಎಷ್ಟು ಟನ್ ಸಿಗುತ್ತೆ?' ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಮೂರು ಸಿಗುತ್ತೆ ಸರ್. ಮೂರಕ್ಕೆ ಸ್ವಲ್ಪ ಕಡಿಮೆ.'

ಅವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ಟನ್ ಅನ್ನೋ ಲೆಕ್ಕ ಐಸ್ ಮಾರುತ್ತಿದ್ದ ಕಾಲದ್ದು. 2,000 ಪೌಂಡ್ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅದು ಒಂದು ಟನ್. ಈಗಿನ ಲೆಕ್ಕದಲ್ಲಿ ಗಂಟೆಗೆ 3,024 ಕಿಲೋ ಕ್ಯಾಲರಿ, ಇಲ್ಲವೇ ಸುಮಾರು 3.5 ಕಿಲೋವ್ಯಾಟ್. ಈ ಅಳತೆ ಎಲ್ಲಾ ತಾಪಮಾನಕ್ಕೂ ಒಂದೇ. ಆದರೆ ಅದೇ ಕಂಪ್ರೆಸರ್ (ಚಿಲ್ಲರಿನ ಗ್ಯಾಸನ್ನು ಎಳೆದು ಒತ್ತುವ ಯಂತ್ರ) ಎಲ್ಲಾ ತಾಪಮಾನದಲ್ಲೂ ಅಷ್ಟೇ ಟನ್ ಕೊಡುವುದಿಲ್ಲ. ತಣ್ಣಗಾದಷ್ಟೂ ಒಳಗೆ ಬರುವ ಗ್ಯಾಸ್ ತೆಳುವಾಗುತ್ತದೆ. ಕಂಪ್ರೆಸರ್ ಪ್ರತಿ ಸುತ್ತಿಗೆ ಎಳೆಯುವ ಗಾತ್ರ ಅದೇ, ತೂಕ ಕಡಿಮೆ. ನಮ್ಮ ಫಿಟ್ಟರ್ ಚಾಚಾಗೆ ಇದನ್ನು ವಿವರಿಸಲು ಹೋದರೆ ಅವರೇ ನನಗಿಂತ ಚೆನ್ನಾಗಿ ಹೇಳಿದರು: 'ಬಾವಿ ಆಳ ಆದಂಗ ಹಗ್ಗ ಉದ್ದ ಆಗ್ತದ, ಮ್ಯಾಲಿಂದ ಕೊಡದಾಗ ಅರ್ಧ ನೀರೇ ಬರ್ತದ. ಸೇದೋರು ಮಾತ್ರ ಅವರೇ.'

ಹಾಗಾಗಿ ಈಮೇಲ್ ಬರೆಯುವವರು ಇಷ್ಟನ್ನಾದರೂ ಬರೆಯಿರಿ: ಬ್ರೈನ್ ಎಷ್ಟು ಡಿಗ್ರಿಯಲ್ಲಿ ಹೊರಗೆ ಬರಬೇಕು, ಎಷ್ಟರಲ್ಲಿ ವಾಪಸ್ ಬರುತ್ತದೆ, ಯಾವ ದ್ರವ, ಅದರ ಸಾಂದ್ರತೆ ಎಷ್ಟು, ಬೇಸಿಗೆಯಲ್ಲಿ ನಿಮ್ಮೂರಿನ ಬಿಸಿ ಎಷ್ಟು. ಆಮೇಲೆ ಟನ್.

ಎರಡನೇ ಸಲ ಸರಿಯಾಗಿ ಕೇಳೋಣ ಅಂತ ಕೂತೆ. ಆಗ ಗೊತ್ತಾಯಿತು, ನನಗೆ ಬೇಕಾಗಿದ್ದು ಎಷ್ಟು ಅಂತ ನನಗೇ ಗೊತ್ತಿಲ್ಲ. ಕೆಮಿಸ್ಟ್‌ನ ಕೇಳಿದೆ, 'ರಿಯಾಕ್ಷನ್‌ನಲ್ಲಿ ಎಷ್ಟು ಹೀಟ್ ಬರುತ್ತೆ?' 'ತುಂಬಾ' ಅಂದರು. ತುಂಬಾ ಅನ್ನೋದನ್ನು ಟನ್ನಿಗೆ ಪರಿವರ್ತಿಸುವ ಸೂತ್ರ ನನ್ನ ಹತ್ತಿರ ಇರಲಿಲ್ಲ. ಕೊನೆಗೆ ಹೈದರಾಬಾದಿನ ಒಂದು ಲ್ಯಾಬಿಗೆ ಸ್ಯಾಂಪಲ್ ಕಳಿಸಿ ಕ್ಯಾಲರಿಮೀಟರ್ ಪರೀಕ್ಷೆ ಮಾಡಿಸಿದೆವು. 45 ಸಾವಿರ ರೂಪಾಯಿ, ಮೂರು ವಾರ ಕಾಯುವಿಕೆ. ಸಾಹುಕಾರರು ಆ ಮೂರು ವಾರ ನನ್ನನ್ನು ನೋಡಿದಾಗಲೆಲ್ಲ 'ಏನ್ರಿ, ಮಷೀನ್ ಕೊಳ್ಳೋದಕ್ಕೂ ರಕ್ತ ಪರೀಕ್ಷೆನಾ?' ಅಂತಿದ್ದರು. ರಿಪೋರ್ಟ್ ಬಂತು. ಒಂದು ಬ್ಯಾಚಿಗೆ ಒಟ್ಟು 60 ಸಾವಿರ ಕಿಲೋ ಕ್ಯಾಲರಿ. ನನ್ನ ಪ್ರಕಾರ ಇಡೀ ಪ್ರಾಜೆಕ್ಟಿನಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಆ 45 ಸಾವಿರ.

ಈಗ ಲೆಕ್ಕ ನೋಡಿ. ಬ್ಯಾಚ್ 1,600 ಕಿಲೋ. ಸಾಲ್ವೆಂಟ್‌ನ ಉಷ್ಣಧಾರಣೆ ನೀರಿನ ಅರ್ಧ ಅಂದುಕೊಳ್ಳಿ. 30 ಡಿಗ್ರಿಯಿಂದ ಮೈನಸ್ 15ಕ್ಕೆ ಇಳಿಸಲು 36 ಸಾವಿರ ಕಿಲೋ ಕ್ಯಾಲರಿ. ಮೂರು ಗಂಟೆಯಲ್ಲಿ ಇಳಿಸಬೇಕೆಂದರೆ 4 ಟನ್. ರಿಯಾಕ್ಟರಿನ ಕಬ್ಬಿಣವೂ ತಣ್ಣಗಾಗಬೇಕು, ಅದು ಎರಡೂವರೆ ಟನ್ ತೂಕದ್ದು. ಅದಕ್ಕೆ ಇನ್ನೊಂದೂವರೆ ಟನ್ ಕೂಲಿಂಗ್. ಆಮೇಲೆ ನಾನು ಕನಸಲ್ಲೂ ಎಣಿಸದ ಒಂದು ಬಾಬತ್ತು: ಪಂಪ್. ಏಳೂವರೆ ಎಚ್‌ಪಿ ಪಂಪ್ ಬ್ರೈನನ್ನು ತಿರುಗಿಸುವಾಗ ಅದರ ಶಕ್ತಿ ಬಹುಪಾಲು ಶಾಖವಾಗಿ ಅದೇ ಬ್ರೈನಿಗೆ ಸೇರುತ್ತದೆ. ಸುಮಾರು ಒಂದೂ ಕಾಲು ಟನ್. ಅಂದರೆ ತಣ್ಣಗೆ ಮಾಡಲು ಇಟ್ಟ ಪಂಪೇ ಹಗಲೂ ರಾತ್ರಿ ಬಿಸಿ ಮಾಡುತ್ತಾ ಕೂತಿರುತ್ತದೆ. ಪೈಪಿನಿಂದ, ಟ್ಯಾಂಕಿನಿಂದ ಸೋರುವುದಕ್ಕೆ ಇನ್ನೊಂದು ಟನ್ ಇಟ್ಟೆ. ರಿಯಾಕ್ಷನ್ನಿನ ಆ 60 ಸಾವಿರ ಬರೋದು ಇಳಿಸಿ ಮುಗಿದ ಮೇಲೆ, ಹಾಗಾಗಿ ಅದನ್ನು ಇದರ ಜೊತೆ ಕೂಡಿಸಲಿಲ್ಲ. ಎಲ್ಲಾ ಸೇರಿ 8 ಟನ್ ಹತ್ತಿರ. ಸ್ವಲ್ಪ ಹೆಚ್ಚಿಗೆ ಇಟ್ಟುಕೊಂಡು 10 ಟನ್. ತಮಾಷೆ ನೋಡಿ, ಸುತ್ತಿ ಬಳಸಿ ಅದೇ ಹತ್ತಕ್ಕೆ ಬಂದೆ. ಈ ಸಲ ಮಾತ್ರ ಅದು ಮೈನಸ್ 25ರ ಹತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಕೊಟೇಶನ್ ಕೊಟ್ಟವರಲ್ಲಿ ಒಬ್ಬ ವಯಸ್ಸಾದ ಇಂಜಿನಿಯರ್ ಫೋನಿನಲ್ಲಿ ಕೇಳಿದರು, 'ನಿಮ್ಮ ಜಾಕೆಟ್ ಏರಿಯಾ ಎಷ್ಟು?' ಜಾಕೆಟ್ ಅಂದರೆ ರಿಯಾಕ್ಟರ್ ಸುತ್ತ ಬ್ರೈನ್ ಹರಿಯುವ ಹೊರ ಕವಚ. ನಾನು ಡ್ರಾಯಿಂಗ್ ತೆಗೆದು ನೋಡಿ 8 ಚದರ ಮೀಟರ್ ಅಂದೆ. ಅವರು ಫೋನಿನಲ್ಲೇ ಗುಣಿಸಿದರು. ಗ್ಲಾಸ್ ಲೈನ್ ರಿಯಾಕ್ಟರಿನ ಗೋಡೆ ಶಾಖವನ್ನು ಸುಲಭಕ್ಕೆ ಬಿಡುವುದಿಲ್ಲ, ಒಳಗೆ ಗಾಜಿನ ಪದರ ಇದೆ. ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಗಂಟೆಗೆ 120 ಕಿಲೋ ಕ್ಯಾಲರಿ ದಾಟಿದರೆ ಪುಣ್ಯ. ಒಳಗೆ ಮೈನಸ್ 15, ಹೊರಗೆ ಬ್ರೈನ್ ಸರಾಸರಿ ಮೈನಸ್ 24. ವ್ಯತ್ಯಾಸ 9. ಎಂಟನ್ನು ಒಂಬತ್ತರಿಂದ, ಅದನ್ನು ನೂರಿಪ್ಪತ್ತರಿಂದ ಗುಣಿಸಿದರೆ 8,640. ಗಂಟೆಗೆ ಅಷ್ಟೇ ಶಾಖ ಆ ಗೋಡೆ ದಾಟಿ ಬರೋದು.

ಕೆಮಿಸ್ಟ್ ಆರು ಗಂಟೆಯಲ್ಲಿ ರಿಯೇಜೆಂಟ್ (ಕ್ರಿಯೆ ನಡೆಸುವ ರಾಸಾಯನಿಕ) ಹಾಕಿ ಮುಗಿಸಬೇಕು ಅಂತಿದ್ದರು. 60 ಸಾವಿರವನ್ನು ಆರರಿಂದ ಭಾಗಿಸಿದರೆ ಗಂಟೆಗೆ 10 ಸಾವಿರ. ಗೋಡೆ ದಾಟೋದು ಎಂಟೂವರೆ ಸಾವಿರ. ಉಳಿದದ್ದು ಒಳಗೇ ಉಳಿಯುತ್ತದೆ, ತಾಪಮಾನ ಏರುತ್ತದೆ, ಮಾಲು ಹೋಯಿತು. ನಾನು 10 ಟನ್ ಬದಲು 50 ಟನ್ ಚಿಲ್ಲರ್ ತಂದಿದ್ದರೂ ಅಷ್ಟೇ.

ಆ ಸಂಜೆ ಲ್ಯಾಬಿಗೆ ಹೋಗಿ ಕೆಮಿಸ್ಟ್ ಎದುರು ಕೂತೆ. ಅವರಿಗೆ ಸಿಟ್ಟು ಬಂತು, ಆರು ಗಂಟೆ ಅಂತ ಗಿರಾಕಿಗೆ ಆಗಲೇ ಹೇಳಿಬಿಟ್ಟಿದ್ದರು. ಎರಡು ದಿನ ಮಾತಿಲ್ಲ. ಮೂರನೇ ದಿನ ಅವರೇ ಬಂದು, ಎಂಟು ಗಂಟೆಯಲ್ಲಿ ಹಾಕಿದರೂ ರಿಸಲ್ಟ್ ಸರಿ ಬರುತ್ತಿದೆ ಅಂದರು. ಎಂಟು ಗಂಟೆ ಅಂದರೆ ಗಂಟೆಗೆ 7,500. ಗೋಡೆ ಒಪ್ಪಿತು.

ಆ ಹಿರಿಯರ ಹತ್ತಿರ ನಾವು ಕೊನೆಗೆ ಚಿಲ್ಲರ್ ಕೊಳ್ಳಲಿಲ್ಲ, ರೇಟು ಹೊಂದಲಿಲ್ಲ. ಆ ಒಂದು ಫೋನ್ ಕರೆಯ ಋಣ ಮಾತ್ರ ನನ್ನ ಮೇಲಿದೆ.

ಮಾರ್ಚ್ ಬಂತು. ಈ ನಡುವೆ ಸಾಹುಕಾರರಿಗೆ ಯಾರೋ ಸೆಕೆಂಡ್ ಹ್ಯಾಂಡ್ ಚಿಲ್ಲರ್ ಇದೆ ಅಂತ ಕಿವಿಯಲ್ಲಿ ಹಾಕಿದ್ದರು. ಮುಚ್ಚಿಹೋದ ಒಂದು ಫ್ಯಾಕ್ಟರಿಯದು, ಆರು ಲಕ್ಷ. ನೋಡಲು ಹೋದೆವು. ಹೊಸದಾಗಿ ಪೇಂಟ್ ಬಳಿದು ನಿಲ್ಲಿಸಿದ್ದರು, ನಟ್ಟು ಬೋಲ್ಟಿನ ಮೇಲೂ ಪೇಂಟ್. ಚಾಚಾ ಕಂಪ್ರೆಸರಿನ ಎಣ್ಣೆ ಗ್ಲಾಸಿಗೆ ಟಾರ್ಚ್ ಬಿಟ್ಟು ನೋಡಿ ತಲೆ ಅಲ್ಲಾಡಿಸಿದರು. ಎಣ್ಣೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದೂ ಅಲ್ಲದೆ ಒಳಗಿದ್ದ ಗ್ಯಾಸ್ ಆರ್-22. ಓಜೋನ್ ಕೆಡಿಸುವ ಗ್ಯಾಸ್ ಅಂತ ಮಾಂಟ್ರಿಯಲ್ ಒಪ್ಪಂದದಲ್ಲಿ ಅದನ್ನು ಕಡಿಮೆ ಮಾಡುತ್ತಾ ಬಂದಿದ್ದಾರೆ, ನಮ್ಮಂಥ ದೇಶಗಳಿಗೆ 2030ರ ಗಡುವು. ಆಮೇಲೆ ಹಳೆಯ ಮಷೀನ್ ರಿಪೇರಿಗೆ ಅಂತ ಚೂರುಪಾರು ಸಿಗಬಹುದು ಅಷ್ಟೇ. ನಾಲ್ಕು ವರ್ಷ ಆದ ಮೇಲೆ ಗ್ಯಾಸಿಗೆ ಪರದಾಡೋದು ಬೇಡ ಅಂತ ವಾಪಸ್ ಬಂದೆವು. ದಾರಿಯಲ್ಲಿ ಸಾಹುಕಾರರು ಹುಮನಾಬಾದ್ ಹತ್ತಿರ ಚಹಾ ಕುಡಿಸಿ, 'ಹೊಸದೇ ತಗೊಳ್ರಿ' ಅಂದರು. ಆ ಪ್ರಯಾಣದ ಲಾಭ ಅದೊಂದೇ.

ಹೊಸದರಲ್ಲೂ ಗ್ಯಾಸಿನ ಪ್ರಶ್ನೆ ಇದ್ದೇ ಇತ್ತು. ಒಬ್ಬರು ಆರ್-134ಎ ಹಾಕಿ ಕೊಡುತ್ತೇವೆ ಅಂದರು. ಗ್ಯಾಸ್ ದ್ರವದಿಂದ ಕುದಿಯುವಾಗಲೇ ಬ್ರೈನಿನ ಶಾಖ ಹೀರೋದು. ಇದು ಸಾಮಾನ್ಯ ಒತ್ತಡದಲ್ಲಿ ಕುದಿಯೋದೇ ಮೈನಸ್ 26ರಲ್ಲಿ. ನಮ್ಮ ಬ್ರೈನ್ ಮೈನಸ್ 25ಕ್ಕೆ ಬರಬೇಕಾದರೆ ಗ್ಯಾಸ್ ಮೈನಸ್ 31ರಲ್ಲಿ ಕುದಿಯಬೇಕು. ಅಂದರೆ ಕಂಪ್ರೆಸರಿನ ಎಳೆಯುವ ಬದಿ ಯಾವಾಗಲೂ ವ್ಯಾಕ್ಯೂಮಿನಲ್ಲಿ. ಎಲ್ಲಾದರೂ ಸಣ್ಣ ಲೀಕ್ ಇದ್ದರೆ ಗ್ಯಾಸ್ ಹೊರಗೆ ಹೋಗುವ ಬದಲು ಗಾಳಿ, ತೇವ ಒಳಗೆ ಬರುತ್ತದೆ. ಬೇಡ ಅಂದೆವು. ಉಳಿದದ್ದು ಆರ್-404ಎ, ಇಲ್ಲವೇ ಅದರ ಬದಲಿಗೆ ಬಂದ ಆರ್-449ಎ. 404ಎ ಎಲ್ಲಾ ಕಡೆ ಸಿಗುತ್ತದೆ, ಮೆಕ್ಯಾನಿಕ್‌ಗಳಿಗೆ ಅಭ್ಯಾಸ ಇದೆ. ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಅದು ಕಾರ್ಬನ್ ಡೈ ಆಕ್ಸೈಡಿನ 3,900 ಪಟ್ಟು. 449ಎ ಸುಮಾರು 1,400 ಪಟ್ಟು. ಭಾರತ 2021ರಲ್ಲಿ ಅದೇ ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿಗೆ ಅಧಿಕೃತವಾಗಿ ಒಪ್ಪಿಗೆ ಕೊಟ್ಟಿದೆ, 2032ರಿಂದ ಈ ಜಾತಿಯ ಗ್ಯಾಸುಗಳ ಬಳಕೆ ಹಂತ ಹಂತವಾಗಿ ಇಳಿಯಬೇಕು. ಚಿಲ್ಲರ್ 15 ವರ್ಷ ಬಾಳಬೇಕಾದ ಮಷೀನ್. 449ಎ ಹಾಕಿಸಿಕೊಂಡೆವು. 60 ಸಾವಿರ ಜಾಸ್ತಿ ಆಯಿತು. ಸರಿ ಮಾಡಿದೆವೋ ಇಲ್ಲವೋ ಅಂತ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ, ಯಾಕೆಂದರೆ ಬೀದರಿನಲ್ಲಿ ಅದರ ಸಿಲಿಂಡರ್ ಸಿಗುವುದಿಲ್ಲ. ಹೈದರಾಬಾದಿಗೇ ಹೋಗಬೇಕು. ಒಂದು ಸಿಲಿಂಡರ್ ಸ್ಟೋರಿನಲ್ಲಿ ಇಟ್ಟುಕೊಂಡಿದ್ದೇವೆ.

ಆಮೇಲೆ ಕಂಡೆನ್ಸರ್, ಅಂದರೆ ಗ್ಯಾಸ್ ಶಾಖ ಬಿಟ್ಟು ಮತ್ತೆ ದ್ರವವಾಗುವ ಭಾಗ. ಗಾಳಿಯಿಂದ ತಂಪಾಗುವುದಾ, ನೀರಿನದಾ? ಬೀದರಿನಲ್ಲಿ ನೀರಿನ ವಿಷಯ ಸುಲಭ ಅಲ್ಲ. ಬಹಮನಿಗಳ ಕಾಲದಲ್ಲೇ ಇಲ್ಲಿ ಜಂಬಿಟ್ಟಿಗೆ ಕೊರೆದು ಸುರಂಗ ಬಾವಿ ಮಾಡಿ ನೀರು ಹರಿಸಿದ್ದಾರೆ, ನೌಬಾದಿಗೆ ಹೋದರೆ ಕರೇಜ್ ಈಗಲೂ ನೋಡಬಹುದು. ಗಾಳಿಯದಾದರೆ ನೀರಿನ ಗೊಡವೆಯೇ ಇಲ್ಲ ಅಂತ ನನಗೆ ಆಸೆ. ಆದರೆ ಮೇ ತಿಂಗಳಲ್ಲಿ ಇಲ್ಲಿ 40 ದಾಟುತ್ತದೆ. ಆಗ ಗಾಳಿ ಕಂಡೆನ್ಸರಿನಲ್ಲಿ ಗ್ಯಾಸ್ 55 ಡಿಗ್ರಿ ಹತ್ತಿರ ದ್ರವವಾಗಬೇಕು. ಒಂದು ಕಡೆ ಮೈನಸ್ 31, ಇನ್ನೊಂದು ಕಡೆ 55. ಒತ್ತಡದ ಅನುಪಾತ ಹದಿಮೂರರ ಆಚೆ ಈಚೆ. ಒಂದೇ ಹಂತದ ಕಂಪ್ರೆಸರಿಗೆ ಅದು ಹಿಂಸೆ, ಎಣ್ಣೆ ಸುಟ್ಟುಹೋಗುತ್ತದೆ. ಕೂಲಿಂಗ್ ಟವರ್ ನೀರು ಕೊಟ್ಟರೆ 40 ಡಿಗ್ರಿಗೆ ಮುಗಿಯುತ್ತದೆ, ಅನುಪಾತ ಒಂಬತ್ತರ ಸುತ್ತ. ಬೇಸಿಗೆಯಲ್ಲಿ ನಮ್ಮಲ್ಲಿ ಗಾಳಿ ಒಣ, ಟವರ್ ಚೆನ್ನಾಗಿ ಕೆಲಸ ಮಾಡುತ್ತದೆ. ನೀರಿನದೇ ಆಯಿತು. ನಮ್ಮ ಬೋರ್‌ವೆಲ್ ನೀರು ಗಡಸು, ಬಕೆಟಿನಲ್ಲಿ ಎರಡು ದಿನ ಇಟ್ಟರೆ ಬಿಳಿ ಪೊರೆ ಕಟ್ಟುತ್ತದೆ. ಹಾಗಾಗಿ ಒಂದು ಸಾಫ್ಟ್‌ನರ್, 85 ಸಾವಿರ. ಇದು ಯಾವ ಚಿಲ್ಲರ್ ಕೊಟೇಶನ್‌ನಲ್ಲೂ ಇರುವುದಿಲ್ಲ ಅನ್ನೋದು ನೆನಪಿರಲಿ.

ಬ್ರೈನ್ ಅಂದರೆ ಉಪ್ಪು ನೀರು ಅಂತ ಅರ್ಥ, ಆದರೆ ಈಗ ಯಾವ ದ್ರವ ಹಾಕಿದರೂ ಬ್ರೈನ್ ಅಂತಲೇ ಕರೆಯುತ್ತಾರೆ. ಕ್ಯಾಲ್ಸಿಯಂ ಕ್ಲೋರೈಡ್ ಅಗ್ಗ, ತಣ್ಣನೆಯಲ್ಲಿ ಒಳ್ಳೆಯ ದ್ರವ. ಆದರೆ ಕಬ್ಬಿಣ ತಿನ್ನುತ್ತದೆ. ಮೆಥನಾಲ್ ಬೆಂಕಿಯ ಭಯ. ಎಥಿಲೀನ್ ಗ್ಲೈಕಾಲ್ ತಗೊಂಡೆವು, ಅರ್ಧ ಗ್ಲೈಕಾಲ್, ಅರ್ಧ ಮೃದು ನೀರು. ಅದು ಹೆಪ್ಪುಗಟ್ಟೋದು ಮೈನಸ್ 37ರ ಸುಮಾರಿಗೆ. ಗ್ಯಾಸ್ ಮೈನಸ್ 31ರಲ್ಲಿ ಇರುವುದರಿಂದ ಅಂತರ ಆರೇ ಡಿಗ್ರಿ. ಇದನ್ನು ಇನ್ನೂ ಜಾಸ್ತಿ ಮಾಡಲು ಹೋದರೆ ಗ್ಲೈಕಾಲ್ ಜೋನಿ ಬೆಲ್ಲದ ಹಾಗೆ ಮಂದವಾಗುತ್ತದೆ, ಪಂಪ್ ಒದ್ದಾಡುತ್ತದೆ. ಅಂತರ ಇಷ್ಟು ಕಡಿಮೆ ಇರುವಾಗ ಇವಾಪೊರೇಟರ್ (ಗ್ಯಾಸ್ ಕುದಿದು ಬ್ರೈನನ್ನು ತಣ್ಣಗೆ ಮಾಡುವ ಭಾಗ) ಪ್ಲೇಟ್ ಮಾದರಿಯದು ಬೇಡ, ಶೆಲ್ ಅಂಡ್ ಟ್ಯೂಬ್ (ದೊಡ್ಡ ಕವಚದೊಳಗೆ ಟ್ಯೂಬುಗಳಿರುವುದು) ಇರಲಿ ಅಂತ ಹಠ ಹಿಡಿದೆ. ಪ್ಲೇಟಿನ ಸಂದುಗಳು ತೀರಾ ಸಣ್ಣ, ಒಮ್ಮೆ ಒಳಗೆ ಐಸ್ ಕಟ್ಟಿದರೆ ಬಿರಿದು ಗ್ಯಾಸೂ ಗ್ಲೈಕಾಲೂ ಒಂದಾಗುತ್ತವೆ. ಒಂದೂ ಕಾಲು ಲಕ್ಷ ಜಾಸ್ತಿ. ಈ ಹಠ ಯಾಕೆ ಫಲ ಕೊಟ್ಟಿತು ಅಂತ ಮುಂದೆ ಹೇಳುತ್ತೇನೆ. ಇನ್ನೊಂದು ಮಾತು: ಗ್ಲೈಕಾಲ್ ಅಂತ ಗಾಡಿ ರೇಡಿಯೇಟರಿಗೆ ಹಾಕುವ ಕೂಲೆಂಟ್ ತಂದು ಸುರಿಯಬೇಡಿ, ಅದರಲ್ಲಿರುವ ಪದಾರ್ಥಗಳು ಟ್ಯೂಬಿನಲ್ಲಿ ಪಾಚಿಯಂತೆ ಕೂರುತ್ತವೆ. ಕೈಗಾರಿಕೆಗೆ ಅಂತಲೇ ತುಕ್ಕು ತಡೆಯುವ ಮದ್ದು ಬೆರೆಸಿದ್ದು ಸಿಗುತ್ತದೆ. ಇದು ವಿಷ, ರುಚಿ ಸಿಹಿ. ಡ್ರಮ್ಮಿಗೆ ಬೀಗ ಹಾಕಿಡಿ.

ಏಪ್ರಿಲ್ ಕೊನೆಗೆ ಆರ್ಡರ್ ಹೋಯಿತು. ಅಹಮದಾಬಾದಿನ ಒಂದು ಕಂಪನಿ. 17 ಲಕ್ಷ 80 ಸಾವಿರ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 30 ಪರ್ಸೆಂಟ್ ಅಡ್ವಾನ್ಸ್, 60 ಮಷೀನ್ ಹೊರಡುವ ಮುಂಚೆ, 10 ಪರ್ಸೆಂಟ್ ನಮ್ಮಲ್ಲಿ ಓಡಿಸಿ ತೋರಿಸಿದ ಮೇಲೆ. ಹನ್ನೆರಡು ವಾರ ಅಂದರು. ಕಂಪ್ರೆಸರ್ ಹೊರದೇಶದಿಂದ ಬರಬೇಕು, ಹಾಗಾಗಿ ಹದಿನಾರಾಯಿತು. ಆ ಕಾಯುವ ಹೊತ್ತಿನಲ್ಲಿ ಕರೆಂಟಿನ ಕೆಲಸ ಮುಗಿಸಿಕೊಳ್ಳಿ. ನಮಗೆ ಕಂಪ್ರೆಸರ್, ಪಂಪ್, ಟವರ್ ಎಲ್ಲಾ ಸೇರಿ 32 ಕಿಲೋವ್ಯಾಟ್ ಹೆಚ್ಚುವರಿ ಲೋಡ್ ಬೇಕಿತ್ತು. ಅರ್ಜಿ, ಡೆಪಾಸಿಟ್, ಗುತ್ತಿಗೆದಾರರ ರಿಪೋರ್ಟ್, ತಪಾಸಣೆ. ಎಲ್ಲಾ ಮುಗಿಯಲು ಏಳು ವಾರ ಹಿಡಿಯಿತು. ಮಷೀನ್ ಬಂದ ಮೇಲೆ ಅರ್ಜಿ ಹಾಕಿದ್ದರೆ ಅದು ಏಳು ವಾರ ತಾಡಪತ್ರಿ ಹೊದ್ದು ಕೂತಿರುತ್ತಿತ್ತು.

ಆಗಸ್ಟಿನಲ್ಲಿ ಕಂಪನಿಯಿಂದ ಕರೆ ಬಂತು, ಟೆಸ್ಟ್ ನೋಡಲು ಬನ್ನಿ. ಸಾಹುಕಾರರು 'ಫೋಟೋ ಕಳಿಸಾಕ ಹೇಳ್ರಿ, ಸಾಕು' ಅಂದರು. ನಾನು ಹೋದೆ. ದಯವಿಟ್ಟು ನೀವೂ ಹೋಗಿ.

ದೊಡ್ಡ ಶೆಡ್, ಹೊರಗೆ ಜೋರು ಮಳೆ. ಚಿಲ್ಲರ್ ಓಡುತ್ತಿತ್ತು, ಪೈಪಿನ ಮೇಲೆ ಬೆಳ್ಳಗೆ ಹಿಮ. ಟ್ಯಾಂಕಿನಲ್ಲಿ ಹೀಟರ್ ಹಾಕಿ ಸುಳ್ಳು ಲೋಡ್ ಕೊಟ್ಟಿದ್ದರು. ಹುಡುಗ ಇಂಜಿನಿಯರ್ ಒಬ್ಬ ರೀಡಿಂಗ್ ಬರೆದುಕೊಂಡ. ಗಂಟೆಗೆ 9,000 ಲೀಟರ್ ಹರಿವು, ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ 3.4 ಡಿಗ್ರಿ ವ್ಯತ್ಯಾಸ. ಗುಣಿಸಿದ, 30,600. ಅದನ್ನು 3,024ರಿಂದ ಭಾಗಿಸಿದ. 'ಹತ್ತು ಟನ್ ಪೂರ್ತಿ ಇದೆ ಸರ್, ಸೈನ್ ಮಾಡಿ.' ನಾನು ಪೆನ್ನು ತೆಗೆದೂ ಆಗಿತ್ತು. ಆಮೇಲೆ ಹೊಳೆಯಿತು, ಇವನು ನೀರಿನ ಲೆಕ್ಕ ಹಾಕಿದ್ದಾನೆ. ಒಂದು ಲೀಟರ್ ನೀರು ಒಂದು ಡಿಗ್ರಿಗೆ ಒಂದು ಕಿಲೋ ಕ್ಯಾಲರಿ ಹಿಡಿಯುತ್ತದೆ. ಅರ್ಧ ಗ್ಲೈಕಾಲ್ ಬೆರೆತ ನೀರು ಸುಮಾರು 0.83 ಅಷ್ಟೇ. ಅವನ ಮುಂದೆಯೇ ಮೊಬೈಲಿನಲ್ಲಿ ಗುಣಿಸಿದೆ. 25,400. ಎಂಟೂವರೆಗೂ ಕಡಿಮೆ.

ಹುಡುಗನ ಮುಖ ಬಾಡಿತು. ಅವನು ಮೋಸ ಮಾಡಲು ಹೊರಟಿರಲಿಲ್ಲ, ಹಳೆಯ ಫಾರ್ಮಿನಲ್ಲಿ ಹಾಗೇ ಇತ್ತು. ಮ್ಯಾನೇಜರ್ ಬಂದರು, ಒಂದು ಗಂಟೆ ವಾದ ನಡೆಯಿತು, ನಡುವೆ ಮೂರು ಸಲ ಚಹಾ ಬಂತು. ಕೊನೆಗೆ ಒಪ್ಪಿದರು. ಎಕ್ಸ್‌ಪಾನ್ಷನ್ ವಾಲ್ವ್ ಮತ್ತೆ ಹೊಂದಿಸಿ, ಸ್ವಲ್ಪ ಗ್ಯಾಸ್ ಸೇರಿಸಿ ಮರುದಿನ ಓಡಿಸಿದಾಗ ವ್ಯತ್ಯಾಸ 3.85 ಬಂತು. ಒಂಬತ್ತೂವರೆ ಟನ್. ನನ್ನ ಲೋಡ್ ಎಂಟು ಅಂತ ನನಗೆ ಗೊತ್ತಿತ್ತು, ಹಾಗಾಗಿ ಒಪ್ಪಿ ಸಹಿ ಹಾಕಿದೆ. ಕಡಿಮೆಯಾದ ಅರ್ಧ ಟನ್ನಿಗೆ 40 ಸಾವಿರ ಬಿಟ್ಟುಕೊಟ್ಟರು. ಅಲ್ಲೇ ಕಂಪ್ರೆಸರ್ ಸರ್ಟಿಫಿಕೇಟ್, ಇವಾಪೊರೇಟರಿನ ಪ್ರೆಶರ್ ಟೆಸ್ಟ್ ಕಾಗದ, ವೈರಿಂಗ್ ಡ್ರಾಯಿಂಗ್, ಬಿಡಿಭಾಗಗಳ ಪಟ್ಟಿ ಎಲ್ಲಾ ಕೈಗೆ ತಗೊಂಡೆ. ಆಮೇಲೆ ಕಳಿಸುತ್ತೇವೆ ಅಂದ ಒಂದೇ ಒಂದು ಕಾಗದ, ಪ್ಯಾನೆಲ್ಲಿನ ಪ್ರೋಗ್ರಾಮ್ ಪಾಸ್‌ವರ್ಡ್, ಬರೋದಕ್ಕೆ ಎರಡು ತಿಂಗಳು ಬೇಕಾಯಿತು.

ಲಾರಿ ಬಂದದ್ದು ಗಣೇಶ ಹಬ್ಬದ ಮುನ್ನಾದಿನ. ಹೈಡ್ರಾ ಕ್ರೇನಿನವನು ರಜಾ ಅಂತ ಎರಡು ಪಟ್ಟು ಕೇಳಿದ, 9 ಸಾವಿರ. ಕೂರಿಸೋದು, ಪೈಪಿಂಗ್, ವೈರಿಂಗ್ ಎಲ್ಲಾ ಎರಡು ವಾರದಲ್ಲಿ ಆಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ. ಇನ್ಸುಲೇಷನ್ ಬಗ್ಗೆ ಮಾತ್ರ ಹೇಳಬೇಕು. ಗುತ್ತಿಗೆದಾರ ಪಫ್ (ಶಾಖ ತಡೆಯುವ ಗಟ್ಟಿ ಫೋಮ್) ಹಾಕಿ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿದ, ನೋಡಲು ಚಂದ. ತೇವ ತಡೆಯುವ ಪದರದ ಜೋಡಣೆಗಳನ್ನು ಸರಿಯಾಗಿ ಮುಚ್ಚಿರಲಿಲ್ಲ, ವಾಲ್ವುಗಳನ್ನು ಬೆತ್ತಲೆ ಬಿಟ್ಟಿದ್ದ. ಮಳೆಗಾಲದ ಗಾಳಿ ಒಳಗೆ ಹೊಕ್ಕು ಪೈಪಿನ ಮೇಲೆ ಐಸ್ ಕಟ್ಟಿತು. ಹತ್ತೇ ದಿನಕ್ಕೆ ಒಂದು ಕಡೆ ಹಾಳೆ ಉಬ್ಬಿ ಹೊಲಿಗೆ ಬಿಚ್ಚಿತು. 2 ಲಕ್ಷ 60 ಸಾವಿರದ ಕೆಲಸ, ಅರ್ಧ ಬಿಚ್ಚಿ ಮತ್ತೆ ಮಾಡಿಸಿದೆವು. ತಣ್ಣನೆ ಪೈಪಿಗೆ ಇನ್ಸುಲೇಷನ್ ಮಾಡುವವರು ಬೇರೆ, ಸ್ಟೀಮ್ ಪೈಪಿಗೆ ಮಾಡುವವರು ಬೇರೆ. ಕೇಳಿ ನೋಡಿ ಕರೆಯಿರಿ.

ಸೆಪ್ಟೆಂಬರ್ ಕೊನೆಗೆ ಮೊದಲ ಬ್ಯಾಚ್. ರಾತ್ರಿ ಹನ್ನೊಂದಕ್ಕೆ ರಿಯಾಕ್ಟರಿನ ಮೀಟರ್ ಮೈನಸ್ 15 ತೋರಿಸಿತು. ಕೆಮಿಸ್ಟ್, ನಾನು, ಚಾಚಾ ಮೂವರೂ ಅದನ್ನೇ ನೋಡುತ್ತಾ ನಿಂತಿದ್ದೆವು. ಎಂಟು ಗಂಟೆ ಅದು ಮೈನಸ್ 14 ದಾಟಲಿಲ್ಲ. ಬೆಳಿಗ್ಗೆ ಎರಡು ಸಲ ಕರೆಂಟ್ ಹೋಯಿತು, ಒಮ್ಮೆ ಮುಕ್ಕಾಲು ಗಂಟೆ. ಜನರೇಟರಿಗೆ ಬ್ರೈನ್ ಪಂಪನ್ನೂ ರಿಯಾಕ್ಟರ್ ಕಲಕುವ ಮೋಟರನ್ನೂ ಮಾತ್ರ ಕೊಟ್ಟಿದ್ದೆವು. 3,000 ಲೀಟರಿನ ಟ್ಯಾಂಕ್ ಆ ಹೊತ್ತನ್ನು ನುಂಗಿಕೊಂಡಿತು, ಬ್ರೈನ್ ನಾಲ್ಕು ಡಿಗ್ರಿ ಏರಿತು ಅಷ್ಟೇ. ಆಪರೇಟರ್ ರಿಯೇಜೆಂಟ್ ಹಾಕೋದನ್ನು ನಿಲ್ಲಿಸಿ ಕಾದ. ಟ್ಯಾಂಕ್ ದೊಡ್ಡದಾಯಿತು ಅಂತ ಗೊಣಗಿದವರು ಆಮೇಲೆ ಸುಮ್ಮನಾದರು.

ನಿಜವಾದ ಎದೆ ಬಡಿತ ಅಕ್ಟೋಬರಿನಲ್ಲಿ. ನಾವು ರಿಯಾಕ್ಟರನ್ನು ಮೊದಲು ಹಳೆಯ ಚಿಲ್ಲರಿನ 5 ಡಿಗ್ರಿ ನೀರಿನಿಂದ ಇಳಿಸಿ, ಆಮೇಲೆ ಬ್ರೈನ್ ಬಿಡುತ್ತೇವೆ. ಕರೆಂಟ್ ಉಳಿಯುತ್ತದೆ, ಗಾಜಿನ ಪದರಕ್ಕೂ ತಟ್ಟನೆ ಹೊಡೆತ ಬೀಳುವುದಿಲ್ಲ. ನಡುವೆ ಜಾಕೆಟಿನ ನೀರನ್ನು ಗಾಳಿ ಊದಿ ಪೂರ್ತಿ ಖಾಲಿ ಮಾಡಬೇಕು. ಒಂದು ದಿನ ಆಪರೇಟರ್ ಖುಷಿಯಿಂದ ಬಂದು ಹೇಳಿದ, 'ಸರ್, ಗ್ಲೈಕಾಲ್ ಜಾಸ್ತಿ ಆಗ್ಯಾದ. ಟ್ಯಾಂಕ್ ತುಂಬಿ ಹೊರಗ ಬರ್ಲತದ, ಮೂರು ಡ್ರಮ್ ತುಂಬಿ ಇಟ್ಟೀನಿ.' ಗ್ಲೈಕಾಲ್ ತಾನಾಗಿ ಜಾಸ್ತಿ ಆಗೋದು, ಅಂಗಡಿಯ ಗಲ್ಲಾದಲ್ಲಿ ದುಡ್ಡು ತಾನಾಗಿ ಜಾಸ್ತಿ ಆಗೋದು, ಎರಡಕ್ಕೂ ಹೆದರಬೇಕು. ನಾನು ಅಂದು ಹೆದರಲಿಲ್ಲ. ನಾಳೆ ನೋಡೋಣ ಅಂದೆ.

ಅದೇ ರಾತ್ರಿ ಎರಡು ಗಂಟೆಗೆ ಚಿಲ್ಲರ್ ಟ್ರಿಪ್ ಆಯಿತು. ರೀಸೆಟ್ ಮಾಡಿದರೆ ಐದು ನಿಮಿಷಕ್ಕೆ ಮತ್ತೆ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಒಳಗೆ ಗೋಲಾದ ಹಾಗೆ ಪುಡಿ ಪುಡಿ ಐಸ್ ತೇಲುತ್ತಿತ್ತು. ಲ್ಯಾಬಿನ ರಿಫ್ರ್ಯಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡಿದರೆ 50 ಇರಬೇಕಾದ ಗ್ಲೈಕಾಲ್ 40ಕ್ಕೆ ಬಂದಿದೆ. ಊದುವ ಗಾಳಿ ಜಾಕೆಟಿನ ತಳದ ನೀರನ್ನು ಬಿಟ್ಟುಬಿಡುತ್ತಿತ್ತು, ಪ್ರತಿ ಬ್ಯಾಚಿಗೂ 80 ಲೀಟರ್ ಹತ್ತಿರ. ಎಂಟು ಬ್ಯಾಚಿನಲ್ಲಿ ಬ್ರೈನ್ ನೀರಾಗಿತ್ತು. 40 ಪರ್ಸೆಂಟಿನದು ಮೈನಸ್ 24, 25ಕ್ಕೇ ಹೆಪ್ಪುಗಟ್ಟುತ್ತದೆ, ಒಳಗಿನ ಟ್ಯೂಬು ಮೈನಸ್ 31. ಬೆಳಗಿನ ತನಕ ಚಿಲ್ಲರ್ ಮುಟ್ಟದೆ ಪಂಪ್ ಮಾತ್ರ ತಿರುಗಿಸಿ ಐಸ್ ಕರಗಿಸಿದೆವು. ಟ್ಯೂಬುಗಳು ಒಡೆದಿರಲಿಲ್ಲ. ಪ್ಲೇಟ್ ಮಾದರಿಯದಾಗಿದ್ದರೆ ಈ ಕಥೆ ಬೇರೆ ಥರ ಬರೆಯಬೇಕಿತ್ತು. ಬ್ಯಾಚ್ ಮಾತ್ರ ಹೋಯಿತು. ಕಸ್ಟಮರಿಗೆ ಹನ್ನೆರಡು ದಿನ ತಡವಾಗುತ್ತದೆ ಅಂತ ಫೋನ್ ಮಾಡಿದ್ದು ನಾನಲ್ಲ, ಕೆಮಿಸ್ಟ್. ಆ ಹೊತ್ತಿನಲ್ಲಿ ನಾನು ಕ್ಯಾಂಟೀನಿನಲ್ಲಿ ಅಡಗಿ ಕೂತಿದ್ದೆ.

ಜಾಕೆಟಿನ ಕೆಳ ತುದಿಗೆ ಬೇರೆ ಡ್ರೇನ್ ವಾಲ್ವ್ ಹಾಕಿಸಿದೆವು, 7 ಸಾವಿರದ ಕೆಲಸ. ಹೊಸ ಗ್ಲೈಕಾಲ್ ಸೇರಿಸಿ ಮತ್ತೆ 50ಕ್ಕೆ ತಂದೆವು, ಅದಕ್ಕೆ 90 ಸಾವಿರ. ಇನ್ಸುಲೇಷನ್, ಪೈಪಿಂಗ್, ಟವರ್, ಕೇಬಲ್, ಪರೀಕ್ಷೆ, ಲಾರಿ ಎಲ್ಲಾ ಸೇರಿ ಒಟ್ಟು ಖರ್ಚು 31 ಲಕ್ಷ ದಾಟಿದೆ. 17.8 ಲಕ್ಷದ ಮಷೀನಿಗೆ. ಬಜೆಟ್ ಕೇಳುವವರಿಗೆ ಮಷೀನ್ ಬೆಲೆಯ ಮುಂದೆ ಅದರ ಮುಕ್ಕಾಲು ಪಾಲಾದರೂ ಇನ್ನೊಂದು ಸಾಲು ಬರೆದುಕೊಡಿ, ಆಮೇಲೆ ಬೈಸಿಕೊಳ್ಳೋದಕ್ಕಿಂತ ಮೊದಲೇ ಬೈಸಿಕೊಳ್ಳೋದು ವಾಸಿ.

ಈಗ ಚಾಚಾ ಪ್ರತಿ ಸೋಮವಾರ ಬೆಳಿಗ್ಗೆ ಟ್ಯಾಂಕಿನಿಂದ ಒಂದು ಹನಿ ತೆಗೆದು ನೋಡಿ, ಟ್ಯಾಂಕಿನ ಮೇಲೆ ಚಾಕ್‌ಪೀಸಿನಿಂದ ತಾರೀಖು ಹಾಕಿ ಬರೆಯುತ್ತಾರೆ. ಈ ಸೋಮವಾರ 50 ಇತ್ತು. ಅದರ ಕೆಳಗೆ ಆಪರೇಟರ್ ಒಂದು ಗೆರೆ ಎಳೆದು ಟ್ಯಾಂಕಿನ ಲೆವೆಲ್ಲನ್ನೂ ಬರೆಯಲು ಶುರು ಮಾಡಿದ್ದಾನೆ. ಯಾರೂ ಹೇಳಿರಲಿಲ್ಲ.